ಹೆಬ್ಬೆಟ್ಟಿನ ಅರ್ಜಿ

ಜೈಲಿನಲ್ಲಿ ಅಕ್ಷರ ಕಲಿಸುತ್ತಿದ್ದ ಮೇಷ್ಟ್ರಿಗೆ ಗಲ್ಲು ಎಂದರೆ ಆಗುತ್ತಿರಲಿಲ್ಲ. ಜೀವ ತೆಗೆಯಲು ಸರ್ಕಾರಕ್ಕೇನು ಹಕ್ಕು ಎಂದು ಕಂಡಕಂಡವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಓಬಳೇಶನಿಗೆ ಗಲ್ಲು ಖಾಯಂ ಆದಾಗ ಕ್ಷಮಾದಾನದ ಅರ್ಜಿಯನ್ನು ಅವರೇ ಕೂತು ಬರೆದರು. ಓದು ಬಾರದ ಓಬಳೇಶ ಹೆಬ್ಬೆಟ್ಟು ಒತ್ತಿದ. ಉತ್ತರ ಬರಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಮೇಷ್ಟ್ರು ಅವನಿಗೆ ಓದಲು ಕಲಿಸಿದ್ದರು.

ಅರ್ಜಿ ತಿರಸ್ಕಾರವಾದ ದಿನ ಜೈಲರ್ ಆದೇಶದ ಕನ್ನಡ ಪ್ರತಿಯನ್ನು ಓದಿ ಹೇಳಲು ಬಂದರು.

"ಬ್ಯಾಡಿ ಸಾರ್, ನಾನೇ ಓದ್ಕಂತೀನಿ," ಎಂದ ಓಬಳೇಶ.

ಆ ಗಳಿಗೆಯಲ್ಲೂ ಪಕ್ಕದಲ್ಲಿ ನಿಂತಿದ್ದ ಮೇಷ್ಟ್ರ ಎದೆ ಒಂದಿಷ್ಟು ಉಬ್ಬಿತು.

ಅಕ್ಷರಕ್ಕೆ ಬೆರಳಿಟ್ಟು ಓದುತ್ತಾ ಹೋದವನು ಒಂದು ಸಾಲಿನಲ್ಲಿ ನಿಂತ. ಮತ್ತೆ ಮೊದಲಿನಿಂದ ಓದಿದ.

"ಮೇಷ್ಟ್ರೇ, 'ಕೊಲೆ ಮಾಡಿದ್ದನ್ನು ಅರ್ಜಿದಾರನೇ ಒಪ್ಪಿಕೊಂಡಿರುವುದರಿಂದ ಸಂಶಯಕ್ಕೆ ಎಡೆಯಿಲ್ಲ' ಅಂತ ಐತೆ. ನಾನ್ ಯಾವಾಗ ಒಪ್ಕಂಡೆ?"

ಮೇಷ್ಟ್ರು ಹೇಳಿದರು, "ತಪ್ಪಾಯ್ತು ಅಂದವ್ರಿಗೇ ಕರುಣೆ ಸಿಗೋದು ಅಂತ ಹಂಗೆ ಬರ್ದೆ ಕಣಪ್ಪಾ."

"ನಾನು ಕೊಂದಿಲ್ಲ ಅಂತ ಬರೀರಿ ಅಂದಿದ್ನಲ್ಲ ಮೇಷ್ಟ್ರೇ."