ಪ್ಯಾಟ್ರಿಶಿಯಾ ಮೇಡಂ ಮಾತು ಮರೆತದ್ದು

"ನನ್ನಿಂದ ಆಗದು, ನಾನು ಮನೆಗೆ ಹೋಗುತ್ತೇನೆ," ಎಂದು ಪ್ಯಾಟ್ರಿಶಿಯಾ ಇಂಗ್ಲಿಷಿನಲ್ಲಿ ಪಿಸುಗುಟ್ಟಿ, ಲೋಲಾಕ್ಷಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಬಣ್ಣ ಹಚ್ಚಿಕೊಂಡು ರಂಗದ ಪಕ್ಕದಲ್ಲಿ ನಿಂತಿದ್ದರು. ಹೊರಗೆ ಹಾಡು ನಡೆಯುತ್ತಿತ್ತು. ಅದು ಮುಗಿದರೆ ಅವರದೇ ಪ್ರವೇಶ. ದುಬೈಯ ಊದ್ ಮೇಥಾ ಬಡಾವಣೆಯ ಶಾಲೆಯೊಂದರ ಸಭಾಂಗಣದಲ್ಲಿ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಬಂದವರೆಲ್ಲ ಕಾಲಿಡಲು ಜಾಗವಿಲ್ಲದಂತೆ ತುಂಬಿಕೊಂಡಿದ್ದರು.

ಪ್ಯಾಟ್ರಿಶಿಯಾ ಸಾಮಾನ್ಯರಲ್ಲ. ಲಂಡನ್ನಿನ ರಂಗಭೂಮಿಯಲ್ಲಿ ರಾಣಿಯಾಗಿ, ಕೊಲೆಗಾತಿಯಾಗಿ ಮೆರೆದವರು, ಸಿನಿಮಾದಲ್ಲೂ ಹೆಸರು ಮಾಡಿದವರು. ಆದರೆ ಕೊನೆಯ ನಾಟಕದಲ್ಲಿ ರಂಗದ ನಡುವೆ ಮಾತು ಮರೆತರು. ಮರೆತ ಮಾತು ಬರಲೇ ಇಲ್ಲ, ಪರದೆ ಇಳಿಸಬೇಕಾಯಿತು. ಆಮೇಲೆ ಯಾರೂ ಕರೆಯಲಿಲ್ಲ. ಮಗಳಿರುವ ದುಬೈಗೆ ಬಂದು, ಇನ್ನು ಬಣ್ಣದ ಸಹವಾಸವೇ ಬೇಡವೆಂದು ಕೂತಿದ್ದವರನ್ನು ಲಿಫ್ಟಿನಲ್ಲಿ ಮಾತಾಡಿಸಿ, ನೀರುದೋಸೆ ತಿನ್ನಿಸಿ, ಸ್ನೇಹ ಬೆಳೆಸಿ ಇಲ್ಲಿಯವರೆಗೆ ಎಳೆತಂದವಳು ಅದೇ ಕಟ್ಟಡದ ಲೋಲಾಕ್ಷಿ. ಈ ಸಲದ ನಾಟಕದಲ್ಲಿ ಉಡುಪಿಯ ಮಿಶನ್ ಆಸ್ಪತ್ರೆಯ, ಕನ್ನಡ ಮಾತಾಡುವ ಇಂಗ್ಲಿಷ್ ಡಾಕ್ಟರಮ್ಮನ ಪಾತ್ರವೊಂದಿತ್ತು. ಹಿಂದೊಮ್ಮೆ ಇಂಥದೇ ಪಾತ್ರಕ್ಕೆಂದು ಸಂಘದ ಅಮಿತಾಳ ಮುಖಕ್ಕೆ ಪೌಡರ್ ಸುರಿದದ್ದಕ್ಕೆ ಮುಂದಿನ ಸಾಲಿನವರೆಲ್ಲ ಸೀನಿದ್ದರು. ಈಗ ಅಸಲಿ ಮಾಲೇ ಸಿಕ್ಕಿರುವಾಗ ಸಂಘದವರು ಬಿಡುತ್ತಾರೆಯೇ?

ನಾಟಕದ ಪ್ರತಿ ಹಿಡಿದು ಪಕ್ಕದಲ್ಲೇ ನಿಂತಿದ್ದ ಪೂವಪ್ಪ ತಲೆಯೆತ್ತಿದರು. ವಾರವಿಡೀ ಶಿಪ್ಪಿಂಗ್ ಆಫೀಸಿನಲ್ಲಿ ದುಡಿಯುವ ಅವರು ಸಂಘದ ಖಾಯಂ ಪ್ರಾಂಪ್ಟರ್. ಯಾವ ನಟನನ್ನೂ ಈವರೆಗೆ ನಡುನೀರಿನಲ್ಲಿ ಕೈಬಿಟ್ಟವರಲ್ಲ.

"ಅವರಿಗೆ ಹೇಳು ಮಾರಾಯ್ತಿ, ನೆನಪಿಡುದು ಅವರ ಕೆಲಸ ಅಲ್ಲ, ನನ್ನದು. ನಾನು ಹೇಳಿಕೊಡ್ತೇನೆ, ಅವರು ಹೇಳಿದ್ರೆ ಆಯ್ತು."

ಲೋಲಾಕ್ಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಪ್ಯಾಟ್ರಿಶಿಯಾ ಗಾಬರಿಯಾದರು. "ಜನಕ್ಕೆ ಕೇಳಿಸುವುದಿಲ್ಲವೇ? ನಮ್ಮಲ್ಲಿ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ."

"ಕೇಳ್ತದೆ ಮೇಡಂ. ಕೇಳದಿದ್ರೆ ಹಿಂದೆ ಕೂತವರು 'ಜೋರು ಹೇಳಿ ಪೂವಪ್ಪಣ್ಣ' ಅಂತ ಬೊಬ್ಬೆ ಹಾಕ್ತಾರೆ," ಎಂದಳು ಲೋಲಾಕ್ಷಿ. ಹಾಡು ಮುಗಿಯಿತು. "ಯಲ್ಲಾ, ಹೋಗುವ," ಎನ್ನುತ್ತ ಅವಳು ಮೇಡಂ ಅವರನ್ನು ಬೆಳಕಿಗೆ ಕರೆದೊಯ್ದಳು.

ಮೊದಮೊದಲು ಎಲ್ಲ ಸಲೀಸಾಗಿ ನಡೆಯಿತು. ಪೂವಪ್ಪ ಪಕ್ಕದಿಂದ ಒಂದೊಂದೇ ಕನ್ನಡ ಮಾತು ದಾಟಿಸಿದರು. ಡಾಕ್ಟರಮ್ಮ ಅದನ್ನು ಹಿಡಿದು, ತೂಗಿ, ಸಭೆಗೆ ಕೊಟ್ಟರು. ಉಚ್ಚಾರ ಅಲ್ಲಲ್ಲಿ ಮುಗ್ಗರಿಸಿದರೂ ಜನ ಖುಷಿಯಿಂದ ಚಪ್ಪಾಳೆ ತಟ್ಟಿದರು. ಕೊನೆಗೆ ಡಾಕ್ಟರಮ್ಮ ಊರು ಬಿಟ್ಟು ಹೋಗುವ ದೃಶ್ಯ ಬಂತು. ಲೋಲಾಕ್ಷಿಯದು ಡಾಕ್ಟರಮ್ಮನಿಂದಾಗಿ ಹೆರಿಗೆಯಲ್ಲಿ ಬದುಕುಳಿದ ಹೆಂಗಸಿನ ಪಾತ್ರ. ಎದುರು ನಿಂತು ಅಳುತ್ತಿದ್ದಳು. ಪ್ಯಾಟ್ರಿಶಿಯಾ ಬಾಯಿ ತೆರೆದರು. ಮಾತಿಲ್ಲ. ಪಕ್ಕಕ್ಕೆ ಕಿವಿಗೊಟ್ಟರು. ಅಲ್ಲಿಂದಲೂ ಮಾತಿಲ್ಲ.

ಲಂಡನ್ನಿನಲ್ಲಿ ಆದದ್ದೇ ಇಲ್ಲೂ ಆಗುತ್ತಿತ್ತು. ಏನು ಮಾಡಲೂ ತೋಚದೆ ಲೋಲಾಕ್ಷಿಯ ಸೆರಗು ಸರಿಪಡಿಸಿದರು. ಅವಳ ಕೆನ್ನೆ ಮುಟ್ಟಿದರು. ಮುಟ್ಟಿದ ಕೈ ಹಿಂದಕ್ಕೆ ಬರಲಿಲ್ಲ. ಸಮೋಸ, ಮೊಬೈಲು, ಮಕ್ಕಳ ಗಲಾಟೆಯಲ್ಲಿ ಮುಳುಗಿದ್ದ ಸಭಾಂಗಣ ಹಾಗೆಯೇ ಗಪ್‌ಚಿಪ್ಪಾಯಿತು.

ಮುಂದಿನ ಸಾಲಿನಲ್ಲಿ, ಮಗನ ಮನೆಗೆಂದು ಮೈಸೂರಿನ ಕಡೆಯಿಂದ ವಿಸಿಟ್ ವೀಸಾದಲ್ಲಿ ಬಂದಿದ್ದ ಪುಟ್ಟಮ್ಮ ಕೂತಿದ್ದರು. ಇದು ನಾಟಕವೆಂಬುದೇ ಅವರಿಗೆ ಮರೆತುಹೋಗಿತ್ತು. ಕಣ್ಣೊರೆಸಿಕೊಳ್ಳುತ್ತ, "ಹೋಗ್ಬುಟ್ ಬತ್ತೀನಿ ಅಂತ ಒಂದ್ ಮಾತ್ ಯೋಳು ತಾಯಿ, ಆ ಮಗ ಅಳ್ತಾ ಅದೆ," ಎಂದರು.

ಪ್ಯಾಟ್ರಿಶಿಯಾ ಸಭೆಯತ್ತ ತಿರುಗಿ ಆ ಮುದುಕಿಯನ್ನು ನೋಡಿದರು. ಕೇಳಿದ ಮೊದಲೆರಡು ಪದವನ್ನೇ ಹಿಡಿದುಕೊಂಡು, ಮತ್ತೆ ಲೋಲಾಕ್ಷಿಯತ್ತ ತಿರುಗಿ, ಮಗುವಿಗೆ ಹೇಳುವಷ್ಟು ಮೆಲ್ಲಗೆ, "ಹೋಗ್ಬುಟ್ ಬತ್ತೀನಿ," ಎಂದರು. ಉಡುಪಿಯ ನಾಟಕದಲ್ಲಿ ಮಂಡ್ಯ, ಮೈಸೂರಿನ ಹಳ್ಳಿಯ ಮಾತು, ಅದೂ ಲಂಡನ್ನಿನ ಬಾಯಲ್ಲಿ. ಯಾರೂ ನಗಲಿಲ್ಲ. ಪರದೆ ಬಿದ್ದ ಮೇಲೆ ಶುರುವಾದ ಚಪ್ಪಾಳೆ ಬಹಳ ಹೊತ್ತು ನಿಲ್ಲಲಿಲ್ಲ.

ಒಳಗೆ ಬಂದ ಲೋಲಾಕ್ಷಿ ಪೂವಪ್ಪನವರ ಮೇಲೆ ಹರಿಹಾಯ್ದಳು. "ಎಂತ ಪೂವಪ್ಪಣ್ಣ, ನಿದ್ದೆ ಬಂತಾ ನಿಮಗೆ? ನನ್ನ ಜೀವ ಹೋದ ಹಾಗೆ ಆಯ್ತು."

ಪೂವಪ್ಪನವರ ಕಣ್ಣು ಕೆಂಪಾಗಿತ್ತು. ಕನ್ನಡಕ ಕೈಯಲ್ಲಿತ್ತು. "ಇಲ್ಲ ಮಾರಾಯ್ತಿ. ಅವರು ಮಾತು ಮರೆತದ್ದು ಅಂತ ನನಗೆ ಗೊತ್ತೇ ಆಗ್ಲಿಲ್ಲ. ಅದು ಆಕ್ಟಿಂಗ್ ಅಂತ ಗ್ರಹಿಸಿದೆ. ನೋಡ್ತಾ ನಿಂತುಬಿಟ್ಟೆ. ನನ್ನದು ತಪ್ಪಾಯ್ತು ಅಂತ ಮೇಡಂ ಹತ್ರ ಹೇಳು."

ಲೋಲಾಕ್ಷಿ ಹೇಳಿದಳು. ಪ್ಯಾಟ್ರಿಶಿಯಾ ಕನ್ನಡಿಯ ಮುಂದೆ ಕುಳಿತು, ಬಣ್ಣ ಒರೆಸಲು ತೆಗೆದ ಹತ್ತಿಯನ್ನು ಕೈಯಲ್ಲೇ ಹಿಡಿದುಕೊಂಡು ಎಲ್ಲವನ್ನೂ ಕೇಳಿದರು. ಆಮೇಲೆ ಹತ್ತಿಯನ್ನು ಮೇಜಿನ ಮೇಲಿಟ್ಟರು.

"ಮುಂದಿನ ವರ್ಷ ನನಗೆ ಇನ್ನಷ್ಟು ಮಾತು ಬರೆಯಲು ಹೇಳು, ಲೋಲಾ," ಎಂದರು. "ಮರೆಯುವುದಕ್ಕೆ ಇಷ್ಟು ಸಾಲದು."