ಕರೆಂಟಿದ್ದೂ ಮಗ್ಗ ನಿಂತ ಮಧ್ಯಾಹ್ನ

ಮಗ್ಗಗಳ ಸದ್ದು ನಿಂತಿತ್ತು. ಚಿದಾನಂದ ತಟ್ಟನೆ ತಲೆ ಎತ್ತಿದ. ಫ್ಯಾನು ತಿರುಗುತ್ತಿತ್ತು. ಪಡಸಾಲೆಯ ಬಲ್ಬು ಉರಿಯುತ್ತಿತ್ತು. ಅಂದಮೇಲೆ ಕರೆಂಟು ಹೋಗಿಲ್ಲ. ಕಿವಿಗೆ ಕಿರುಬೆರಳು ಹಾಕಿ ಅಲ್ಲಾಡಿಸಿ ಮತ್ತೆ ಆಲಿಸಿದ. ಇಡೀ ಓಣಿಯಲ್ಲಿ ಒಂದು ಮಗ್ಗವೂ ಮಿಸುಕುತ್ತಿರಲಿಲ್ಲ.

ಸಿಕ್ಕಿಬಿಟ್ಟಿತು ಎಂದುಕೊಂಡ. ತಿಂಗಳುಗಟ್ಟಲೆ ಹೊಂಚು ಹಾಕಿದ್ದ ಕನಸು ಕೊನೆಗೂ ಕೈಗೆ ಸಿಕ್ಕಿತ್ತು.

ಬನಹಟ್ಟಿಯಲ್ಲಿ ಕರೆಂಟಿದ್ದಾಗ ಮಗ್ಗ ನಿಲ್ಲಿಸುವ ಮನುಷ್ಯ ಇನ್ನೂ ಹುಟ್ಟಿಲ್ಲ. ನೇಯ್ದಷ್ಟು ಕೂಲಿ. ಮದುವೆಗೆ ಹೋದವರೂ ಅಕ್ಷತೆ ಹಾಕಿ, ಉಂಡ ಕೈ ತೊಳೆದು, ಓಡಿ ಬಂದು ಮಗ್ಗ ಹಚ್ಚುತ್ತಾರೆ. ಆ ಖಟಪಟದಲ್ಲೇ ಹುಟ್ಟಿ ಬೆಳೆದ ಚಿದಾನಂದನ ಕನಸಿನಲ್ಲಿ ಮಾತ್ರ, ಯಾಕೋ ಏನೋ, ಮಗ್ಗಗಳು ಮೂಕವಾಗಿರುತ್ತಿದ್ದವು.

ಅವನು ನೇಕಾರರ ಸೊಸೈಟಿಯಲ್ಲಿ ಗುಮಾಸ್ತ. ತಂಗಿಯರ ಮದುವೆ ಮಾಡುತ್ತ ಮಾಡುತ್ತ ತನ್ನದನ್ನು ಮರೆತುಬಿಟ್ಟಿದ್ದ. ನೆನಪಾಗುವ ಹೊತ್ತಿಗೆ ಕಿವಿಯ ಮೇಲಿನ ಕೂದಲು ಬೆಳ್ಳಗಾಗಿತ್ತು. ನೆನಪು ಮಾಡಿಸಿದವಳು ಪಕ್ಕದ ಮನೆಯ ರಾಜೇಶ್ವರಿ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಅಪ್ಪನ ಮಗ್ಗಗಳನ್ನು ಗಂಡಾಳಿಗಿಂತ ಗಟ್ಟಿಯಾಗಿ ನಡೆಸುತ್ತಿದ್ದವಳು. ನನ್ನನ್ನು ಮದುವೆಯಾಗುತ್ತೀರಾ ಎಂದು ಅವಳನ್ನು ಕೇಳಬೇಕು. ಅಷ್ಟೇ. ಆದರೆ ಎದುರು ನಿಂತರೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಅವ್ವ ಇಂದ್ರವ್ವ ಏನೆಂದಾಳು? ಓಣಿ ಏನೆಂದೀತು? ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ?

ಕನಸಿನಲ್ಲಾದರೂ ಕೇಳಿಬಿಡೋಣ ಎಂದು ಹೊರಟ. ಹಾದಿ ತೋರಿಸಿದ್ದು ಮೊಬೈಲಿನ ಒಂದು ವಿಡಿಯೊ. ಎಚ್ಚರಾದ ಕೂಡಲೇ ಮಿಸುಕಬೇಡಿ, ಕಣ್ಣು ತೆರೆಯಬೇಡಿ, ಕನಸಿನ ಬಾಲ ಹಿಡಿದು ಹಿಂದಕ್ಕೆ ಎಳೆಯಿರಿ, ಚಹಾಕ್ಕಿಂತ ಮೊದಲು ಯಾರಿಗಾದರೂ ಹೇಳಿರಿ. ನೆನಪು ಗಟ್ಟಿಯಾದಮೇಲೆ, ಇದು ಕನಸು ಎಂದು ಕನಸಿನೊಳಗೇ ಗುರುತು ಹಿಡಿಯಿರಿ. ಆಮೇಲೆ ನೀವೇ ರಾಜ. ಮೂಗು ಹಿಡಿದರೂ ಉಸಿರಾಡಿದರೆ ಅದು ಕನಸು ಎಂದೂ ಆ ವಿಡಿಯೊ ಹೇಳಿತ್ತು. ಆದರೆ ಹತ್ತಿಯ ಧೂಳಿಗೆ ಹನ್ನೆರಡು ತಿಂಗಳೂ ಕಟ್ಟಿರುವ ಚಿದಾನಂದನ ಮೂಗು ಹಿಡಿದರೂ ಒಂದೇ, ಬಿಟ್ಟರೂ ಒಂದೇ.

ಹೇಳಲು ಅವನಿಗೆ ಸಿಕ್ಕ "ಯಾರಾದರೂ" ಎಂದರೆ ಮೋಟುಗೋಡೆಯ ಆಚೆ ಅಂಗಳ ಗುಡಿಸುವ ರಾಜೇಶ್ವರಿಯೇ.

"ಇವತ್ತ ಏನ್ ಕನಸ ಬಿತ್ತ್ರಿ?"

"ಮಹಾಲಿಂಗಪುರ ಬಸ್‌ಸ್ಟ್ಯಾಂಡಿನ್ಯಾಗ ಬೆಲ್ಲದ ಪೆಂಟಿ ಮ್ಯಾಲ ಕುಂತಿದ್ನಿರಿ. ಅಲ್ಲಿಂದ ಸೀದಾ ನಿಮ್ಮ ಬಾಗಲಕ್ಕ ಬಂದೆ. ಅಷ್ಟರಾಗ ಎಚ್ಚರಾತ್ರಿ."

"ದಿನಾ ನಮ್ಮ ಬಾಗಲದಾಗ ಎಚ್ಚರಾದ್ರ ಹೆಂಗ್ರಿ? ಕನಸಂತ ಗುರ್ತಾ ಸಿಗೂದಿಲ್ಲೇನು?"

"ಮಗ್ಗ ಕೇಳಂಗಿಲ್ರಿ. ಫ್ಯಾನ್ ತಿರಗತಿರತೈತಿ, ಮಗ್ಗ ಬಂದ್ ಇರತಾವು. ಖರೆ ಅಂದ್ರ, ಅದು ಎಚ್ಚರಾದಮ್ಯಾಲ ನೆನಪಾಗತೈತಿ."

"ಅಲ್ಲೇ ನೆನಪಾದ್ರ ಏನ್ ಮಾಡಾವ್ರು?"

"ಎಚ್ಚರದಾಗ ಬಾಯಿಗೆ ಬರಲಾರದ್ದೊಂದು ಮಾತೈತ್ರಿ. ಅದನ್ನ ಕೇಳಾಂವ."

"ಯಾರನ್ನ?"

ಚಿದಾನಂದನಿಗೆ ಒಮ್ಮೆಲೇ ಸೊಸೈಟಿಯ ಹೊತ್ತಾದದ್ದು ನೆನಪಾಯಿತು. ಅವಳು ಕಸಬರಿಗೆ ಹಿಡಿದು ಓಣಿಯ ಮಗ್ಗಗಳ ಸದ್ದಿಗೆ ಕಿವಿಗೊಟ್ಟಳು.

ಅದಾಗಿ ಒಂದು ವಾರಕ್ಕೆ ಈ ಮಧ್ಯಾಹ್ನ. ಸೊಸೈಟಿಗೆ ರಜೆ. ಉಂಡು ಅಡ್ಡಾಗಿದ್ದವನು ಎದ್ದು ಹೊರಗೆ ಬಂದ.

ಕನಸೆಂಬುದಕ್ಕೆ ಇನ್ನು ಅನುಮಾನವೇ ಉಳಿಯಲಿಲ್ಲ. ಎಲ್ಲಿಗೆ ಹೊರಟೆ ಎಂದು ಕೇಳದೆ ಒಮ್ಮೆಯೂ ಹೊಸ್ತಿಲು ದಾಟಲು ಬಿಡದ ಇಂದ್ರವ್ವ, ಇವತ್ತು ಕಾಲು ಮಡಚಿ ದಾರಿ ಬಿಟ್ಟಳು. ಕಟ್ಟೆ ಕಟ್ಟೆಯ ಮೇಲೂ ನೇಕಾರರು ಸಾಲಾಗಿ ಕೂತು ಭಜಿ ತಿನ್ನುತ್ತಿದ್ದರು. ಮಿಕಿಮಿಕಿ ನೋಡಿದರೇ ಹೊರತು ಒಬ್ಬರೂ ಮಾತಾಡಲಿಲ್ಲ. ಕಂಡವರಿಗೆಲ್ಲ ಬೈಯುವ ಮುದುಕ ಮುದಕಪ್ಪ ಅವನನ್ನು ನೋಡಿ ನಕ್ಕ. ನಕ್ಕು, ಅಂಗಿಯ ಗುಂಡಿ ಹಾಕಿಕೋ ಎಂದು ಸನ್ನೆ ಮಾಡಿದ. ಎಚ್ಚರದ ಜಗತ್ತಿನಲ್ಲಿ ಇದೆಲ್ಲ ಉಂಟೇ? ಚಿದಾನಂದ ಗುಂಡಿ ಹಾಕಿಕೊಂಡ. ಕನಸಿನಲ್ಲೂ ಮರ್ಯಾದೆ ಮರ್ಯಾದೆಯೇ.

ರಾಜೇಶ್ವರಿ ಒಲೆಯ ಮುಂದಿದ್ದಳು. ಬಾಗಿಲು ದಾಟಿದ. ಎಚ್ಚರವಾಗಲಿಲ್ಲ. ಹೋದ ಸಲದ ಕನಸಿನಲ್ಲಿ ಇಲ್ಲಿಗೆ ಬರುವಷ್ಟರಲ್ಲಿ ಅವಳು ಸೊಸೈಟಿಯ ಮ್ಯಾನೇಜರ್ ಆಗಿಬಿಟ್ಟಿದ್ದಳು. ಮತ್ತೆ ಹಾಗಾಗುವ ಮೊದಲೇ ಹೇಳಿಬಿಡಬೇಕು.

"ರಾಜೇಶ್ವರಿ, ನೀವು ಅಂದ್ರ ನನಗ ಜೀವ. ನನ್ನ ಲಗ್ನ ಆಗ್ತೀರೇನ್ರಿ? ಓಣಿ ಏನರ ಅಂದ್ಕೊಳ್ಳಲಿ."

ಎಷ್ಟು ಸಲೀಸು! ಎದೆಯ ಮೇಲಿನ ಕಲ್ಲು ಇಳಿದು ಕಣ್ಣು ತುಂಬಿ ಬಂತು.

ಅವಳು ಭಜಿ ಎತ್ತುವ ತೂತಿನ ಸೌಟನ್ನು ಕೆಳಗಿಟ್ಟಳು. "ಇಷ್ಟ ಕೇಳಾಕ ಇಷ್ಟ ದಿನ ಬೇಕಾತೇನ್ರಿ? ಆಗಲಿ. ಮೊದಲ ಇದನ್ನ ತಿನ್ರಿ."

ಕನಸೆಂದರೆ ಹೀಗಿರಬೇಕು ಎಂದುಕೊಂಡು ಚಿದಾನಂದ ಮೆಣಸಿನಕಾಯಿ ಭಜಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ.

ನಾಲಿಗೆ ಚುರ್ರೆಂದಿತು. ಖಾರ ನೆತ್ತಿಗೇರಿತು. ಬಿಕ್ಕಳಿಕೆ ಹತ್ತಿತು. ವರ್ಷಗಳಿಂದ ಕಟ್ಟಿದ್ದ ಮೂಗು ಒಮ್ಮೆಲೇ ತೆರೆದು ಸೋರತೊಡಗಿತು. ಬಾಯಿ ಮುಚ್ಚಿ ಮೂಗು ಹಿಡಿದ. ಉಸಿರು ನಿಂತಿತು. ಕೈ ಬಿಟ್ಟ. ಉಸಿರು ಬಂತು.

ಎಚ್ಚರವೇ! ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತೆರೆದ ಬಾಗಿಲು. ಹೊರಗೆ ಇಡೀ ಓಣಿ. ಅವ್ವ. ಆಡಿದ ಮಾತು ಮರಳಿ ನುಂಗಲು ಬಾರದು.

"ಎಚ್ಚರಾತೇನ್ರಿ?" ಎಂದಳು ರಾಜೇಶ್ವರಿ, ನೀರಿನ ತಂಬಿಗೆ ಕೊಡುತ್ತ.

ಅಷ್ಟರಲ್ಲಿ ಕಟ್ಟೆಯಿಂದ ಮುದಕಪ್ಪನ ದನಿ ಕೇಳಿತು: "ರಾಜವ್ವಾ, ಅಂವಾ ಕೇಳಿದ್ನೋ ಇಲ್ಲೋ? ನೀ ಕೊಟ್ಟ ಭಜಿ ಖಾಲಿ ಆದುವು, ಇಂದ್ರವ್ವನೂ ಕೇಳಾಕತ್ತಾಳ, ಇನ್ನ ಮಗ್ಗ ಚಾಲೂ ಮಾಡೂಣೇನು?"