ಅರ್ಧರ್ಧ ಡಬ್ಬಿ

ಮೊನ್ನೆ ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ ಮಗಳು ಎರಡು ಅರ್ಧರ್ಧ ಡಬ್ಬಿಗಳ ರವೆಯನ್ನು ಒಂದಕ್ಕೇ ಸುರಿಯುವ ಸದ್ದು ಕೇಳಿ, ನನ್ನ ಕೈಯಲ್ಲಿದ್ದ ಸೌಟು ಜಾರಿ ಬಿತ್ತು.

ನಾನು ಚಿಕ್ಕವಳಿದ್ದಾಗ ನಾವು ಅಟ್ಲಾಂಟಾದಲ್ಲಿದ್ದೆವು. ಅಪ್ಪನಿಗೆ ಗರಾಜಿನಲ್ಲಿ ಕೂತು ಬೇಟೆಯ ರೈಫಲ್ಲಿನ ಖಾಲಿ ತೋಟಾಗಳಿಗೆ ತಾವೇ ಮದ್ದು, ಗುಂಡು ತುಂಬುವ ಹುಚ್ಚು. ಒಂದು ದಿನ ಬೆಳಿಗ್ಗೆ ಪಕ್ಕದ ಮನೆಯ ಬಿಲ್ ಅಂಕಲ್‌ಗಾಗಿ ಮ್ಯಾಗ್ನಮ್ ತೋಟಾಗಳಿಗೆ ಮದ್ದು ತುಂಬುತ್ತಾ ನನಗೂ ಪಾಠ ಹೇಳಿದರು.

"ನೋಡು ಪುಟ್ಟಿ, ದೊಡ್ಡ ತೋಟಾ, ಭಾರದ ಗುಂಡು. ಇದಕ್ಕೆ ಈ ಡಬ್ಬೀಲಿರೋ ನಿಧಾನವಾಗಿ ಉರಿಯೋ ಮದ್ದೇ ಆಗ್ಬೇಕು. ಬೇಗ ಉರಿಯೋದು ಸೇರಿದ್ರೆ ರೈಫಲ್ಲೇ ಮುಖಕ್ಕೆ ಸಿಡಿಯತ್ತೆ."

ನನ್ನ ಕಣ್ಣಿಗೆ ಎರಡೂ ಮದ್ದು ಯಾವಾಗಲೂ ಒಂದೇ, ಮುರಿದ ಪೆನ್ಸಿಲ್ ಸೀಸದ ಚೂರುಗಳ ಹಾಗೆ.

ಅಂಕಲ್ ತೋಟಾಗಳನ್ನು ಜೇಬಿಗಿಳಿಸಿ, ಕೆರೊಲಿನಾದ ಕಾಡಿಗೆ ಜಿಂಕೆ ಬೇಟೆಗೆ ಹೊರಟರು.

ಮಧ್ಯಾಹ್ನ ಊಟಕ್ಕೆ ಕೂತ ಅಪ್ಪನ ಕಣ್ಣು ಒಲೆಯ ಪಕ್ಕಕ್ಕೆ ಹೋಯಿತು. ಬೇಗ ಉರಿಯುವ ಮದ್ದಿನ ಡಬ್ಬಿಯಲ್ಲಿ ಮೆಂತ್ಯ ಇತ್ತು.

"ಇದರಲ್ಲಿದ್ದ ಮದ್ದು ಎಲ್ಲೇ?"

"ಚೆಲ್ಲಿಲ್ಲ ರೀ," ಅಮ್ಮ ಸಾರು ಬಡಿಸುತ್ತಾ ನಕ್ಕರು. "ನಿನ್ನೆ ಗರಾಜ್ ಕ್ಲೀನ್ ಮಾಡಿದ್ನಲ್ಲ, ಎರಡೂ ಅರ್ಧರ್ಧ ಇತ್ತು. ಪಕ್ಕದ ಡಬ್ಬಿಗೇ ಸುರಿದೆ. ಒಂದೇ ಥರ ಇರೋದಕ್ಕೆ ಎರಡೆರಡು ಡಬ್ಬಿ ಯಾಕೆ?"

ಅಪ್ಪ ಎಂಜಲು ಕೈಯಲ್ಲೇ ಪಕ್ಕದ ಮನೆಗೆ ಓಡಿದರು. ಅಂಕಲ್ ಕಾರಿರಲಿಲ್ಲ. ಆಗ ಯಾರ ಜೇಬಿನಲ್ಲೂ ಫೋನಿರಲಿಲ್ಲ.

ವಿಷಯ ತಿಳಿದ ಅಮ್ಮ ಮೆಂತ್ಯವನ್ನು ಕಸಕ್ಕೆ ಸುರಿದರು. ಆಮೇಲೆ ಆ ಖಾಲಿ ಡಬ್ಬಿಯನ್ನು ತೊಳೆಯುತ್ತಲೇ ಇದ್ದರು.

ಸಂಜೆ ಗೋಡೆಯ ಫೋನ್ ಬಡಕೊಳ್ಳತೊಡಗಿತು. ಇಬ್ಬರೂ ಏಳಲಿಲ್ಲ.

"ಪುಟ್ಟಿ," ಎಂದರು ಅಪ್ಪ ಕೊನೆಗೆ, "ನೀನೇ ಎತ್ತು."